ನೀರು ಮೊದಲು, ಪೇಸ್ಟು ಕೊನೆಗೆ

ನಾವೆಲ್ಲರೂ ದಿನವೂ ಮಾಡುವ ಒಂದು ಕೆಲಸದ ಬಗ್ಗೆ ಇಂದು ಮಾತಾಡುತ್ತೇನೆ. ಅದು ಹಲ್ಲುಜ್ಜುವ ಕೆಲಸ. ಅದರಲ್ಲೂ, ಹಲ್ಲುಜ್ಜಿ ಮುಗಿದ ಮೇಲಿನ ಅರ್ಧ ನಿಮಿಷ.

ಆ ಅರ್ಧ ನಿಮಿಷದಲ್ಲಿ ನೀವು ಏನು ಮಾಡುತ್ತೀರಿ? ಸ್ವಲ್ಪ ನೆನಪಿಸಿಕೊಳ್ಳಿ. ನಮ್ಮಲ್ಲಿ ಹೆಚ್ಚಿನವರು ಮಾಡುವುದು ಹೀಗೆ. ನೊರೆ ಉಗುಳುತ್ತಾರೆ. ನಲ್ಲಿಗೆ ಬೊಗಸೆ ಒಡ್ಡುತ್ತಾರೆ, ಇಲ್ಲವೇ ಚೊಂಬಿನಿಂದ ಬಾಯಿಗೆ ನೀರು ತುಂಬಿಕೊಳ್ಳುತ್ತಾರೆ. ಒಂದಲ್ಲ, ನಾಲ್ಕೈದು ಸಲ ಮುಕ್ಕಳಿಸುತ್ತಾರೆ. ನಾಲಿಗೆ ಕೆರೆದುಕೊಂಡು ಮತ್ತೆ ಮುಕ್ಕಳಿಸುತ್ತಾರೆ. ಪೇಸ್ಟಿನ ರುಚಿ ಪೂರ್ತಿ ಹೋಯಿತು ಅನ್ನಿಸಿದ ಮೇಲೆಯೇ ಟವೆಲ್ಲಿಗೆ ಕೈ ಹಾಕುತ್ತಾರೆ. ಮಕ್ಕಳಿಗೂ ಹೀಗೇ ಕಲಿಸುತ್ತೇವೆ. "ಚೆನ್ನಾಗಿ ಬಾಯಿ ಮುಕ್ಕಳಿಸು" ಎಂದು ಪಕ್ಕದಲ್ಲೇ ನಿಂತು ಹೇಳುತ್ತೇವೆ.

ಇದರ ಹಿಂದಿರುವುದು ಶುಚಿಯ ಆಸೆ. ಅದು ಒಳ್ಳೆಯದೇ. ಆದರೆ ಫ್ಲೋರೈಡ್ ಇರುವ ಪೇಸ್ಟು ಬಳಸುವವರಿಗೆ ಈ ಅಭ್ಯಾಸದಿಂದ ಒಂದು ನಷ್ಟವಿದೆ. ಪೇಸ್ಟಿನಲ್ಲಿರುವ ಫ್ಲೋರೈಡ್ ಹಲ್ಲನ್ನು ಕಾಯುವ ಔಷಧ. ಅದು ಹಲ್ಲಿನ ಮೇಲೆ ನಿಂತರೆ ಮಾತ್ರ ಕೆಲಸ ಮಾಡುತ್ತದೆ. ನಾವಾದರೋ ಅದನ್ನು ಹಚ್ಚುತ್ತೇವೆ, ಹಚ್ಚಿದ ಕೂಡಲೇ ತೊಳೆದುಬಿಡುತ್ತೇವೆ. ತಲೆಗೆ ಎಣ್ಣೆ ಒತ್ತಿದ ಮರುಕ್ಷಣವೇ ಸೀಗೆಪುಡಿ ಹಾಕಿ ತೊಳೆದ ಹಾಗೆ.

ಏಕೆ ಹೀಗೆ, ಅದರ ಬದಲು ಏನು ಮಾಡಬೇಕು? ಇಂದಿನ ಮಾತೆಲ್ಲ ಅದರ ಸುತ್ತಲೇ.

ಮೊದಲು ಹಲ್ಲಿನ ವಿಷಯ. ನಮ್ಮ ಹಲ್ಲಿನ ಹೊರಮೈಗೆ ಒಂದು ಗಟ್ಟಿ ಹೊದಿಕೆ ಇದೆ. ವೈದ್ಯರು ಅದನ್ನು ಎನಾಮೆಲ್ ಅನ್ನುತ್ತಾರೆ, ದಂತಕವಚ ಎಂದೂ ಅನ್ನುತ್ತಾರೆ. ದೇಹದಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಬೇರೊಂದಿಲ್ಲ. ಮೂಳೆಯೂ ಇಷ್ಟು ಗಟ್ಟಿಯಲ್ಲ. ತೂಕದ ಲೆಕ್ಕದಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಪಾಲು ಖನಿಜವೇ. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಆದ ಸಣ್ಣ ಸಣ್ಣ ಹರಳುಗಳು ಒತ್ತೊತ್ತಾಗಿ ಜೋಡಿಸಿಕೊಂಡಿವೆ. ಜಗಿಯುವ ತುದಿಯಲ್ಲಿ ಈ ಕವಚ ಎರಡು ಮಿಲಿಮೀಟರಿಗಿಂತ ಸ್ವಲ್ಪ ದಪ್ಪ. ಒಸಡಿನ ಹತ್ತಿರ ಬರುತ್ತ ಬರುತ್ತ ತೆಳುವಾಗುತ್ತದೆ.

ಇಷ್ಟು ಗಟ್ಟಿಯಾದ ಕವಚಕ್ಕೆ ಒಂದು ದೌರ್ಬಲ್ಯವಿದೆ. ಅದರಲ್ಲಿ ಜೀವಕೋಶಗಳಿಲ್ಲ. ಚರ್ಮಕ್ಕೆ ಗಾಯವಾದರೆ ಮಾಯುತ್ತದೆ. ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ. ದಂತಕವಚದಲ್ಲಿ ಒಮ್ಮೆ ಗುಳಿ ಬಿದ್ದರೆ ಅದು ತಾನಾಗಿ ಮತ್ತೆ ಬೆಳೆದು ತುಂಬಿಕೊಳ್ಳುವುದಿಲ್ಲ. ಅದಕ್ಕೇ ಗುಳಿ ಬೀಳುವ ಮೊದಲೇ ಕಾಯಬೇಕು.

ಗುಳಿ ಹೇಗೆ ಬೀಳುತ್ತದೆ? ಬೆಳಗ್ಗೆ ಎದ್ದಾಗ ನಾಲಿಗೆಯ ತುದಿಯಿಂದ ಹಲ್ಲನ್ನು ಸವರಿ ನೋಡಿ. ನುಣುಪು ಇರುವುದಿಲ್ಲ, ಅಂಟಂಟಾದ ಒಂದು ಪದರ ತಾಗುತ್ತದೆ. ಅದರಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿವೆ. ಹಲ್ಲಿಗೆ ಹುಳ ಬೀಳುತ್ತದೆ ಎಂದು ಹಿಂದಿನವರು ನಂಬಿದ್ದರು. ಹುಳುಕು ಹಲ್ಲಿನಲ್ಲಿ ಹುಳ ಇರುವುದಿಲ್ಲ. ಇರುವುದು ಕಣ್ಣಿಗೆ ಕಾಣದ ಈ ಬ್ಯಾಕ್ಟೀರಿಯಾಗಳು. ನಾವು ತಿಂದ ಸಕ್ಕರೆ, ಬೆಲ್ಲ, ಬಿಸ್ಕತ್ತು ಇವಕ್ಕೂ ಆಹಾರ. ಅದನ್ನು ತಿಂದು ಇವು ಆಮ್ಲವನ್ನು ಬಿಡುತ್ತವೆ. ಆ ಆಮ್ಲ ಕವಚದ ಖನಿಜವನ್ನು ಕರಗಿಸುತ್ತದೆ.

ಹುಳಿಯನ್ನು ಅಳೆಯಲು ಪಿಎಚ್ ಎಂಬ ಅಳತೆ ಇದೆ. ಅದರಲ್ಲಿ 7 ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಅಲ್ಲಿಂದ ಕೆಳಗಿಳಿದಷ್ಟೂ ಹುಳಿ ಹೆಚ್ಚು. ಬಾಯಿಯೊಳಗಿನ ಪಿಎಚ್ ಸುಮಾರು 5.5ಕ್ಕಿಂತ ಕೆಳಗೆ ಇಳಿದಾಗ ದಂತಕವಚ ಕರಗತೊಡಗುತ್ತದೆ. ಅಮೆರಿಕದ ರಾಬರ್ಟ್ ಸ್ಟೀಫನ್ ಎಂಬ ಸಂಶೋಧಕರು 1940ರ ದಶಕದಲ್ಲಿ ಇದನ್ನು ಅಳೆದು ತೋರಿಸಿದರು. ಸಕ್ಕರೆ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಹಲ್ಲಿನ ಮೇಲಿನ ಪದರ ಹುಳಿಯಾಗುತ್ತದೆ. ಮೊದಲಿನ ಸ್ಥಿತಿಗೆ ಮರಳಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕಾಗುತ್ತದೆ.

ಮರಳಿಸುವ ಕೆಲಸ ಮಾಡುವುದು ನಮ್ಮ ಜೊಲ್ಲು. ಜೊಲ್ಲು ಆಮ್ಲವನ್ನು ತಗ್ಗಿಸುತ್ತದೆ. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಮತ್ತೆ ಹಲ್ಲಿಗೆ ಹೋಗಿ ಸೇರುತ್ತವೆ. ಹೀಗೆ ದಿನವಿಡೀ ಕವಚ ಒಂದಿಷ್ಟು ಕರಗುತ್ತದೆ, ಒಂದಿಷ್ಟು ತುಂಬಿಕೊಳ್ಳುತ್ತದೆ. ಕರಗುವುದು ಹೆಚ್ಚಾಗಿ ತುಂಬುವುದು ಕಡಿಮೆಯಾದರೆ ಮೊದಲು ಹಲ್ಲಿನ ಮೇಲೆ ಹೊಳಪು ಕಳೆದ ಒಂದು ಬಿಳಿ ಮಚ್ಚೆ ಮೂಡುತ್ತದೆ. ಆ ಹಂತದಲ್ಲಿ ಎಚ್ಚೆತ್ತರೆ ಅದನ್ನು ತಡೆಯಬಹುದು, ಹಿಂದಕ್ಕೂ ತಿರುಗಿಸಬಹುದು. ಅದನ್ನು ದಾಟಿದರೆ ಗುಳಿ.

ಇದುವರೆಗಿನ ಮಾತನ್ನು ಎರಡೇ ವಾಕ್ಯದಲ್ಲಿ ಹೇಳುತ್ತೇನೆ. ಸಕ್ಕರೆಯಿಂದ ಹುಟ್ಟಿದ ಆಮ್ಲ ದಂತಕವಚವನ್ನು ಕರಗಿಸುತ್ತದೆ. ಜೊಲ್ಲಿನ ಖನಿಜ ಅದನ್ನು ಮತ್ತೆ ತುಂಬುತ್ತದೆ. ಈಗ ಫ್ಲೋರೈಡಿನ ವಿಷಯಕ್ಕೆ ಬರೋಣ.

ಫ್ಲೋರೈಡ್ ಹಲ್ಲಿಗೆ ಒಳ್ಳೆಯದು ಎಂದು ತಿಳಿದದ್ದು ಒಂದು ಕಲೆಯಿಂದ. 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ಯುವ ದಂತವೈದ್ಯರು ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದರು. ಅಲ್ಲಿ ಹುಟ್ಟಿ ಬೆಳೆದವರ ಹಲ್ಲುಗಳಲ್ಲಿ ಕಂದು ಬಣ್ಣದ ಕಲೆಗಳಿದ್ದವು. ಕಾರಣ ಯಾರಿಗೂ ಗೊತ್ತಿರಲಿಲ್ಲ. ಮೆಕೇ ಅದರ ಬೆನ್ನು ಹತ್ತಿದರು. ಆ ಕಾಲದ ಹೆಸರಾಂತ ದಂತವಿಜ್ಞಾನಿ ಜಿ. ವಿ. ಬ್ಲ್ಯಾಕ್ 1909ರಲ್ಲಿ ಅವರ ಜೊತೆಗೂಡಿದರು. ಇಬ್ಬರಿಗೂ ಅಚ್ಚರಿ ತಂದ ಸಂಗತಿ ಒಂದಿತ್ತು. ಕಲೆಯಾದ ಆ ಹಲ್ಲುಗಳು ಸುಲಭವಾಗಿ ಹುಳುಕಾಗುತ್ತಿರಲಿಲ್ಲ.

ಉತ್ತರ ಸಿಕ್ಕಿದ್ದು 1931ರಲ್ಲಿ. ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನಶಾಸ್ತ್ರಜ್ಞ ಎಚ್. ವಿ. ಚರ್ಚಿಲ್ ಇಂಥದೇ ಕಲೆಗಳಿದ್ದ ಊರಿನ ನೀರನ್ನು ಪರೀಕ್ಷಿಸಿದರು. ಅದರಲ್ಲಿ ಫ್ಲೋರೈಡ್ ಹೆಚ್ಚಾಗಿತ್ತು. ಆಮೇಲೆ ಅಮೆರಿಕ ಸರ್ಕಾರದ ದಂತವೈದ್ಯ ಟ್ರೆಂಡ್ಲಿ ಡೀನ್ ಊರೂರುಗಳ ನೀರನ್ನೂ ಮಕ್ಕಳ ಹಲ್ಲನ್ನೂ ಹೋಲಿಸಿ ನೋಡಿದರು. ಲೀಟರಿಗೆ ಸುಮಾರು ಒಂದು ಮಿಲಿಗ್ರಾಂ ಇದ್ದರೆ ಕಲೆ ಅಷ್ಟಾಗಿ ಕಾಣುವುದಿಲ್ಲ, ಹುಳುಕೂ ಕಡಿಮೆ ಎಂದು ಕಂಡುಕೊಂಡರು. 1945ರಲ್ಲಿ ಅಮೆರಿಕದ ಗ್ರ್ಯಾಂಡ್ ರ್ಯಾಪಿಡ್ಸ್ ನಗರ ತನ್ನ ಕುಡಿಯುವ ನೀರಿಗೆ ಅಷ್ಟು ಪ್ರಮಾಣದ ಫ್ಲೋರೈಡ್ ಸೇರಿಸಿತು. ಹಾಗೆ ಮಾಡಿದ ಮೊದಲ ನಗರ ಅದು. 1950ರ ದಶಕದಲ್ಲಿ ಫ್ಲೋರೈಡ್ ಪೇಸ್ಟು ಅಂಗಡಿಗೆ ಬಂತು.

ಆಗ ಒಂದು ತಿಳಿವಳಿಕೆ ಇತ್ತು. ಫ್ಲೋರೈಡ್ ಹೊಟ್ಟೆಗೆ ಹೋಗಿ, ರಕ್ತದ ಮೂಲಕ ಬೆಳೆಯುತ್ತಿರುವ ಹಲ್ಲನ್ನು ಸೇರಿ, ಒಳಗಿನಿಂದ ಗಟ್ಟಿ ಮಾಡುತ್ತದೆ ಎಂದು. 1980ರ ದಶಕದ ಹೊತ್ತಿಗೆ ಈ ತಿಳಿವಳಿಕೆ ಬದಲಾಯಿತು. ಫ್ಲೋರೈಡಿನ ಮುಖ್ಯ ಕೆಲಸ ನಡೆಯುವುದು ಹಲ್ಲಿನ ಹೊರಮೈಯಲ್ಲಿ, ಬಾಯಿಯೊಳಗೆ, ದಿನದಿನವೂ. ಕೇಳುಗರೇ, ಈ ಮಾತನ್ನು ದಯವಿಟ್ಟು ಗಮನದಲ್ಲಿಡಿ. ಇಂದಿನ ಮಾತಿಗೆಲ್ಲ ಇದೇ ಬೇರು.

ಹೊರಮೈಯಲ್ಲಿ ಅದು ಏನು ಮಾಡುತ್ತದೆ? ಆಮ್ಲ ದಾಳಿ ಮಾಡಿದಾಗ ಖನಿಜ ಕರಗುವುದನ್ನು ನಿಧಾನಿಸುತ್ತದೆ. ಖನಿಜ ಮರಳಿ ತುಂಬುವುದನ್ನು ಚುರುಕುಗೊಳಿಸುತ್ತದೆ. ತುಂಬುವಾಗ ತಾನೂ ಹರಳಿನೊಳಗೆ ಸೇರುತ್ತದೆ. ಫ್ಲೋರೈಡ್ ಸೇರಿದ ಹರಳು ಹೆಚ್ಚು ಗಟ್ಟಿ. ಅದು ಕರಗಲು ಪಿಎಚ್ ಸುಮಾರು 4.5ಕ್ಕೆ ಇಳಿಯಬೇಕು. ಇನ್ನೂ ಒಂದು ಸಂಗತಿ ಇದೆ. ಹಲ್ಲುಜ್ಜಿದ ಮೇಲೆ ಸ್ವಲ್ಪ ಫ್ಲೋರೈಡ್ ಕ್ಯಾಲ್ಸಿಯಂ ಜೊತೆ ಸೇರಿ ಸೂಕ್ಷ್ಮ ಕಣಗಳಾಗಿ ಹಲ್ಲಿನ ಮೇಲೆ ಉಳಿಯುತ್ತದೆ. ಮುಂದೆ ಯಾವಾಗಲೋ ಆಮ್ಲ ಬಂದಾಗ ಆ ಕಣಗಳು ಕರಗಿ ಫ್ಲೋರೈಡನ್ನು ಬಿಟ್ಟುಕೊಡುತ್ತವೆ. ಬೇಕಾದ ಹೊತ್ತಿಗೆ ಒದಗುವ ದಾಸ್ತಾನು ಅದು.

ಫ್ಲೋರೈಡ್ ಪೇಸ್ಟು ಬಳಸುವ ಮಕ್ಕಳಲ್ಲಿ ಹುಳುಕು ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ವರದಿ 2003ರಲ್ಲಿ ಹೇಳಿತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಫ್ಲೋರೈಡ್ ಪೇಸ್ಟನ್ನು ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ನಿಮ್ಮ ಬಚ್ಚಲಿನ ಗೂಡಿನಲ್ಲಿರುವ ಟ್ಯೂಬು ಔಷಧ ಎಂದು ನಾನು ಹೇಳಿದ್ದು ಇದಕ್ಕೇ.

ಇಲ್ಲಿ ಕೆಲವು ಕೇಳುಗರಿಗೆ ಒಂದು ಪ್ರಶ್ನೆ ಎದ್ದಿರುತ್ತದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯವರು ಖಂಡಿತ ಕೇಳುತ್ತಾರೆ. "ಫ್ಲೋರೈಡಿನಿಂದ ನಮ್ಮ ಹಲ್ಲು ಹಾಳಾಗಿದೆ, ನೀವು ನೋಡಿದರೆ ಅದನ್ನೇ ಹಚ್ಚಿ ಅನ್ನುತ್ತೀರಿ" ಎಂದು. ಈ ಪ್ರಶ್ನೆ ನ್ಯಾಯವಾದದ್ದು. ಉತ್ತರ ಹೇಳಲೇಬೇಕು.

ನಮ್ಮ ರಾಜ್ಯದ ಒಣ ಸೀಮೆಗಳಲ್ಲಿ ಗಟ್ಟಿ ಬಂಡೆಯ ನಡುವಿನ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕೊಳವೆಬಾವಿಯ ನೀರಿನ ಜೊತೆ ಅದು ವರ್ಷಗಟ್ಟಲೆ ಹೊಟ್ಟೆಗೆ ಹೋಗುತ್ತದೆ. ಎಳೆಯ ಮಕ್ಕಳ ಒಸಡಿನೊಳಗೆ ಶಾಶ್ವತ ಹಲ್ಲುಗಳು ರೂಪುಗೊಳ್ಳುತ್ತಿರುವಾಗ ಅದು ಕವಚದ ರಚನೆಯನ್ನೇ ಕೆಡಿಸುತ್ತದೆ. ಹಲ್ಲು ಹೊರಬರುವಾಗಲೇ ಹಳದಿ, ಕಂದು ಪಟ್ಟೆಗಳಿರುತ್ತವೆ. ಇನ್ನೂ ಹೆಚ್ಚಾದರೆ ಮೂಳೆ ಮತ್ತು ಕೀಲುಗಳಿಗೂ ತೊಂದರೆ. ನಮ್ಮ ದೇಶದಲ್ಲಿ ಈ ರೋಗ ಮೊದಲು ವರದಿಯಾದದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಸಿಗದಿದ್ದರೆ ಒಂದೂವರೆ ಮಿಲಿಗ್ರಾಂವರೆಗೆ ಒಪ್ಪಬಹುದು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂಬುದನ್ನೂ ತಿಳಿದಿರಿ. ಅದಕ್ಕೆ ಬೇರೆ ಶುದ್ಧೀಕರಣವೇ ಬೇಕು, ಇಲ್ಲವೇ ನದಿ ನೀರು ಅಥವಾ ಮಳೆ ನೀರು ಬೇಕು.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ನುಂಗುವುದರಲ್ಲಿ ಮತ್ತು ಹಚ್ಚುವುದರಲ್ಲಿ. ನುಂಗಿದ್ದು ಮೈಗೆಲ್ಲ ಹೋಗುತ್ತದೆ. ಹಚ್ಚಿ ಉಗುಳಿದ್ದು ಹಲ್ಲಿನ ಮೇಲೆ ಕೆಲಸ ಮಾಡುತ್ತದೆ. ದೊಡ್ಡವರ ಹಲ್ಲುಗಳು ರೂಪುಗೊಂಡು ಮುಗಿದಿರುತ್ತವೆ. ಪೇಸ್ಟಿನಿಂದ ಅವರ ಹಲ್ಲಿಗೆ ಹೊಸದಾಗಿ ಪಟ್ಟೆ ಮೂಡುವುದಿಲ್ಲ. ಎಚ್ಚರ ಬೇಕಾದದ್ದು ಪೇಸ್ಟು ನುಂಗುವ ಎಳೆಯ ಮಕ್ಕಳ ವಿಷಯದಲ್ಲಿ. ಫ್ಲೋರೈಡ್ ಹೆಚ್ಚಿರುವ ಊರಿನವರು ಸಣ್ಣ ಮಕ್ಕಳಿಗೆ ಯಾವ ಪೇಸ್ಟು ಎಂದು ದಂತವೈದ್ಯರನ್ನು ಕೇಳಿಯೇ ತೀರ್ಮಾನಿಸಿ.

ಈಗ ಅಭ್ಯಾಸಗಳ ವಿಷಯ. ಅದಕ್ಕೆ ಮೊದಲು ಹಿಂದಿನದನ್ನು ಒಮ್ಮೆ ನೆನೆಯೋಣ. ಫ್ಲೋರೈಡ್ ಕೆಲಸ ಮಾಡುವುದು ಹಲ್ಲಿನ ಹೊರಮೈಯಲ್ಲಿ. ಅದು ಹೆಚ್ಚು ಹೊತ್ತು ಅಲ್ಲಿ ನಿಂತಷ್ಟೂ ಲಾಭ. ಅದನ್ನು ನುಂಗಬೇಕಾಗಿಲ್ಲ, ನುಂಗಬಾರದು.

ಮೊದಲನೆಯ ಅಭ್ಯಾಸ, ಮುಕ್ಕಳಿಸುವುದು. ಹಲ್ಲುಜ್ಜಿ ಉಗುಳಿದ ಮೇಲೆ ಜೊಲ್ಲಿನಲ್ಲಿ ಫ್ಲೋರೈಡಿನ ಪ್ರಮಾಣ ಹೆಚ್ಚಿರುತ್ತದೆ. ಬಾಯಿ ತುಂಬ ನೀರು ಹಾಕಿ ಮುಕ್ಕಳಿಸಿದರೆ ಅದು ಥಟ್ಟನೆ ಇಳಿಯುತ್ತದೆ. ನೀರು ಹೆಚ್ಚಾದಷ್ಟೂ, ಸಲ ಹೆಚ್ಚಾದಷ್ಟೂ ಇಳಿಕೆ ಹೆಚ್ಚು. ಸ್ಕಾಟ್ಲೆಂಡಿನಲ್ಲಿ ಶಾಲಾ ಮಕ್ಕಳನ್ನು ಮೂರು ವರ್ಷ ಗಮನಿಸಿದ ಒಂದು ಅಧ್ಯಯನ 1992ರಲ್ಲಿ ಪ್ರಕಟವಾಯಿತು. ಲೋಟದಲ್ಲಿ ನೀರು ಹಿಡಿದು ಮುಕ್ಕಳಿಸುತ್ತಿದ್ದ ಮಕ್ಕಳಲ್ಲಿ ಹೊಸ ಹುಳುಕು ಹೆಚ್ಚಾಗಿ ಕಂಡಿತು. ಎಲ್ಲ ಅಧ್ಯಯನಗಳಲ್ಲೂ ಇಷ್ಟು ಸ್ಪಷ್ಟವಾದ ವ್ಯತ್ಯಾಸ ಸಿಕ್ಕಿಲ್ಲ, ನಿಜ. ಆದರೆ ತೊಳೆದರೆ ಫ್ಲೋರೈಡ್ ಹೋಗುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಅಭ್ಯಾಸ ಬದಲಿಸಲು ಒಂದು ಪೈಸೆಯ ಖರ್ಚೂ ಇಲ್ಲ. ಆದ್ದರಿಂದಲೇ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ತನ್ನ ಜನರಿಗೆ ಹೇಳುವುದು ಇಷ್ಟೇ: ಉಗುಳಿ, ಮುಕ್ಕಳಿಸಬೇಡಿ.

"ಹಾಗೆ ಬಿಟ್ಟರೆ ಬಾಯಿ ತೊಳೆದಂತೆ ಅನ್ನಿಸುವುದೇ ಇಲ್ಲ" ಎಂದು ನೀವು ಹೇಳಬಹುದು. ಅದಕ್ಕೆ ಉಪಾಯವಿದೆ. ನೀರಿನ ಕೆಲಸವನ್ನೆಲ್ಲ ಮೊದಲೇ ಮುಗಿಸಿ. ಬಚ್ಚಲಿಗೆ ಹೋದ ಕೂಡಲೇ ಎಷ್ಟು ಬೇಕೋ ಅಷ್ಟು ಮುಕ್ಕಳಿಸಿ. ನಾಲಿಗೆ ಕೆರೆದುಕೊಳ್ಳಿ. ಗಂಟಲು ಗಳಗಳ ಮಾಡಿಕೊಳ್ಳಿ. ಅದಾದ ಮೇಲೆ ಪೇಸ್ಟು ಹಾಕಿ ಉಜ್ಜಿ. ನೊರೆಯನ್ನು ಎರಡು ಮೂರು ಸಲ ಚೆನ್ನಾಗಿ ಉಗುಳಿ. ತುಟಿ ಒರೆಸಿಕೊಂಡು ಹೊರಬನ್ನಿ. ಬಾಯಲ್ಲಿ ಉಳಿಯುವ ಪೇಸ್ಟು ಅತ್ಯಲ್ಪ. ಅದರಿಂದ ದೊಡ್ಡವರಿಗೆ ತೊಂದರೆಯಿಲ್ಲ. ರುಚಿ ಅಭ್ಯಾಸವಾಗಲು ಕೆಲವು ದಿನ ಹಿಡಿಯುತ್ತದೆ, ಅಷ್ಟೆ. ಏನು ಮಾಡಿದರೂ ಸಹಿಸಲಾಗದು ಅನ್ನುವವರು ಒಂದೇ ಒಂದು ಸಣ್ಣ ಗುಟುಕು ನೀರಿಗೆ ನಿಲ್ಲಿಸಿ.

ಅಂಗಡಿಯ ಮೌತ್‌ವಾಶ್ ಬಳಸುವವರಿಗೂ ಇದೇ ಮಾತು. ಅದರಲ್ಲಿ ಫ್ಲೋರೈಡ್ ಇದ್ದರೂ ಪೇಸ್ಟಿನಲ್ಲಿರುವುದಕ್ಕಿಂತ ಬಹಳ ಕಡಿಮೆ. ಬ್ರಷ್ ಮಾಡಿದ ಕೂಡಲೇ ಬಳಸಬೇಡಿ. ಮಧ್ಯಾಹ್ನದ ಊಟದ ನಂತರವೋ ಬೇರೆ ಹೊತ್ತಿನಲ್ಲೋ ಬಳಸಿ.

ಮುಕ್ಕಳಿಸುವ ಮಾತು ಮುಗಿಯಿತು. ನೀರು ಮೊದಲು, ಪೇಸ್ಟು ಕೊನೆಗೆ. ಇನ್ನು ಎರಡನೆಯ ಅಭ್ಯಾಸ, ಉಜ್ಜುವ ಹೊತ್ತು.

ನಮ್ಮ ಮನೆಗಳಲ್ಲಿ ಬೆಳಗ್ಗೆ ಮುಖ ತೊಳೆಯದೆ ಕಾಫಿ ಕುಡಿಯುವುದಿಲ್ಲ. ಈ ಶಿಸ್ತು ಗಟ್ಟಿಯಾಗಿದೆ. ಆದರೆ ರಾತ್ರಿ? ಊಟ ಮುಗಿಯುತ್ತದೆ, ಹಾಲು ಕುಡಿಯುತ್ತೇವೆ, ಮಲಗುತ್ತೇವೆ. ಹಲ್ಲಿನ ದೃಷ್ಟಿಯಿಂದ ರಾತ್ರಿಯೇ ಹೆಚ್ಚು ಅಪಾಯದ ಹೊತ್ತು. ನಿದ್ದೆಯಲ್ಲಿ ಜೊಲ್ಲು ಸುರಿಯುವುದು ಬಹಳ ಕಡಿಮೆಯಾಗುತ್ತದೆ. ಹಗಲೆಲ್ಲ ಹಲ್ಲನ್ನು ಕಾಯುವ ಜೊಲ್ಲು ಆಗ ಅಷ್ಟಾಗಿ ಇರುವುದಿಲ್ಲ. ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಅನ್ನ, ಸಿಹಿಯ ಮೇಲೆ ಬ್ಯಾಕ್ಟೀರಿಯಾಗಳು ತಮ್ಮ ಕೆಲಸ ನಡೆಸುತ್ತವೆ.

ಇದೇ ಸಂಗತಿಗೆ ಇನ್ನೊಂದು ಮುಖವಿದೆ. ಜೊಲ್ಲು ಕಡಿಮೆಯಾದ್ದರಿಂದ ಮಲಗುವ ಮುನ್ನ ಹಚ್ಚಿದ ಫ್ಲೋರೈಡ್ ಬೇಗ ತೊಳೆದುಹೋಗುವುದಿಲ್ಲ. ಹಗಲಿಗಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. ಹಾಗಾಗಿ ದಿನಕ್ಕೆ ಎರಡು ಸಲ ಉಜ್ಜಿ. ಅದರಲ್ಲಿ ಒಂದು ಸಲ ರಾತ್ರಿ, ಮಲಗುವ ಮೊದಲಿನ ಕಟ್ಟಕಡೆಯ ಕೆಲಸವಾಗಿರಲಿ. ಹಾಲು, ಮಾತ್ರೆ, ಎಲ್ಲ ಮುಗಿದ ಮೇಲೆ. ಆ ಮೇಲೆ ಏನನ್ನೂ ತಿನ್ನಬೇಡಿ. ಬೆಳಗ್ಗೆಯೂ ಸಾಧ್ಯವಾದರೆ ಉಜ್ಜಿದ ಅರ್ಧ ಗಂಟೆಯ ನಂತರ ಕಾಫಿ ಕುಡಿಯಿರಿ. ಪ್ರತಿ ಸಲವೂ ಎರಡು ನಿಮಿಷ ಉಜ್ಜಬೇಕು. ಬಾಯಿಯನ್ನು ನಾಲ್ಕು ಭಾಗ ಮಾಡಿಕೊಳ್ಳಿ. ಮೇಲೆ ಬಲ, ಮೇಲೆ ಎಡ, ಕೆಳಗೆ ಬಲ, ಕೆಳಗೆ ಎಡ. ಒಂದೊಂದಕ್ಕೂ ಅರ್ಧ ನಿಮಿಷ ಕೊಡಿ.

ವಯಸ್ಸಾದವರಿಗೆ ಒಂದು ಮಾತು. ವಯಸ್ಸಾದಂತೆ ಒಸಡು ಇಳಿದು ಹಲ್ಲಿನ ಬೇರು ಹೊರಗೆ ಕಾಣುತ್ತದೆ. ಬೇರಿಗೆ ದಂತಕವಚ ಇಲ್ಲ. ಅದು ಇನ್ನೂ ಬೇಗ ಕರಗುತ್ತದೆ. ರಕ್ತದೊತ್ತಡ, ಅಲರ್ಜಿ ಮುಂತಾದವುಗಳ ಕೆಲವು ಮಾತ್ರೆಗಳಿಂದ ಬಾಯಿ ಒಣಗುವುದೂ ಉಂಟು. ಮಕ್ಕಳಿಗಷ್ಟೇ ಅಲ್ಲ, ನಿಮಗೂ ರಾತ್ರಿಯ ಫ್ಲೋರೈಡ್ ಬೇಕು.

ಇಷ್ಟು ಆಯಿತು: ಮುಕ್ಕಳಿಸುವುದು ಮೊದಲು, ಉಜ್ಜುವುದು ದಿನಕ್ಕೆ ಎರಡು ಸಲ, ರಾತ್ರಿಯದನ್ನು ತಪ್ಪಿಸಬಾರದು. ಮೂರನೆಯದು ಹುಳಿ ಪದಾರ್ಥ ಮತ್ತು ಬ್ರಷ್ಷಿನ ಒತ್ತಡ.

ನಿಂಬೆ ಪಾನಕ, ಬಾಟಲಿಯ ತಂಪು ಪಾನೀಯ, ಉಪ್ಪು ಹಚ್ಚಿದ ಮಾವಿನಕಾಯಿ, ಹುಣಸೆ. ಇವುಗಳ ಆಮ್ಲ ಬ್ಯಾಕ್ಟೀರಿಯಾಗಳಿಗಾಗಿ ಕಾಯುವುದಿಲ್ಲ, ನೇರವಾಗಿ ಹಲ್ಲಿನ ಮೇಲೆ ಬೀಳುತ್ತದೆ. ಕವಚದ ಮೇಲ್ಪದರ ಸ್ವಲ್ಪ ಹೊತ್ತು ಮೆತ್ತಗಾಗುತ್ತದೆ. ಆಗಲೇ ಬ್ರಷ್ ಹಾಕಿ ತಿಕ್ಕಿದರೆ ಆ ಪದರ ಸವೆಯುತ್ತದೆ. ವಾಂತಿಯಾದ ಮೇಲೂ ಹೀಗೇ. ಬಸುರಿಯರು ಇದನ್ನು ವಿಶೇಷವಾಗಿ ಗಮನಿಸಿ. ಆಗ ಮಾಡಬೇಕಾದ್ದು ನೀರಿನಿಂದ ಮುಕ್ಕಳಿಸುವುದು. ಇಲ್ಲಿ ನೀರು ನಮ್ಮ ಮಿತ್ರ. ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಉಜ್ಜಿ. ಅಷ್ಟರಲ್ಲಿ ಜೊಲ್ಲು ತನ್ನ ಕೆಲಸ ಮಾಡಿರುತ್ತದೆ.

ಬ್ರಷ್ ಮೃದುವಾಗಿರಲಿ. ಗಟ್ಟಿ ಬ್ರಷ್ಷಿನಿಂದ ಜೋರಾಗಿ ಅಡ್ಡಡ್ಡ ತಿಕ್ಕಿದರೆ ಹಲ್ಲು ಬೆಳ್ಳಗಾಗುವುದಿಲ್ಲ. ಒಸಡು ಇಳಿಯುತ್ತದೆ, ಹಲ್ಲಿನ ಬುಡ ಸವೆಯುತ್ತದೆ. ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ. ಬ್ರಷ್ಷನ್ನು ಒಸಡೂ ಹಲ್ಲೂ ಸೇರುವ ಗೆರೆಗೆ ಓರೆಯಾಗಿ ಹಿಡಿಯಿರಿ. ಹಗುರವಾಗಿ, ಸಣ್ಣ ಸಣ್ಣ ಚಲನೆಯಲ್ಲಿ ಆಡಿಸಿ. ಆಮೇಲೆ ಒಸಡಿನಿಂದ ಹಲ್ಲಿನ ತುದಿಯ ಕಡೆಗೆ ತನ್ನಿ. ಬೇಕಾದ್ದು ಅಂಟು ಪದರವನ್ನು ಬಿಡಿಸಿ ಫ್ಲೋರೈಡನ್ನು ಹಲ್ಲಿನ ಮೈಗೆ ಮುಟ್ಟಿಸುವುದು. ಅದಕ್ಕೆ ಬಲ ಬೇಡ, ತಾಳ್ಮೆ ಬೇಕು.

ಹೇಗೆ, ಯಾವಾಗ ಉಜ್ಜಬೇಕು ಎಂದು ನೋಡಿದೆವು. ನಾಲ್ಕನೆಯದು, ಯಾವುದರಿಂದ ಉಜ್ಜಬೇಕು?

ಇದ್ದಿಲು, ಉಪ್ಪು, ಬೂದಿ, ಇಟ್ಟಿಗೆ ಪುಡಿ. ಇವುಗಳಿಂದ ಉಜ್ಜುವವರು ಇಂದೂ ಇದ್ದಾರೆ. ಇವು ಒರಟು. ಕವಚವನ್ನು ತಿಕ್ಕಿ ತೆಗೆಯುತ್ತವೆ, ಕಾಪಾಡುವ ಏನನ್ನೂ ಕೊಡುವುದಿಲ್ಲ. ಬೇವಿನ ಕಡ್ಡಿಯನ್ನು ಚೆನ್ನಾಗಿ ಜಗಿದು ಮೆತ್ತಗೆ ಮಾಡಿಕೊಂಡು ಉಜ್ಜಿದರೆ ಹಲ್ಲಿನ ಮೇಲಿನ ಪದರ ಹೋಗುತ್ತದೆ. ಆದರೆ ಪೇಸ್ಟು ಕೊಡುವಷ್ಟು ಫ್ಲೋರೈಡ್ ಅದರಿಂದ ಸಿಗುವುದಿಲ್ಲ. ಕಡ್ಡಿ ಬಿಡಲೊಲ್ಲದ ಹಿರಿಯರು ಬೆಳಗ್ಗೆ ಕಡ್ಡಿಯನ್ನೇ ಬಳಸಲಿ, ರಾತ್ರಿ ಪೇಸ್ಟಿನಿಂದ ಉಜ್ಜಲಿ. ತಂಬಾಕು ಬೆರೆತ ಹಲ್ಲುಪುಡಿಯನ್ನು ಮಾತ್ರ ಮನೆಯೊಳಗೆ ತರಲೇಬೇಡಿ. ಪೇಸ್ಟು, ಹಲ್ಲುಪುಡಿಗಳಲ್ಲಿ ತಂಬಾಕು ಬಳಸುವುದನ್ನು ಸರ್ಕಾರ 1992ರಲ್ಲೇ ನಿಷೇಧಿಸಿದೆ. ತಂಬಾಕಿನಿಂದ ಬರುವುದು ಬಾಯಿಯ ಕ್ಯಾನ್ಸರ್.

ಪೇಸ್ಟು ಕೊಳ್ಳುವಾಗ ಡಬ್ಬದ ಮೇಲೆ ಬರೆದದ್ದನ್ನು ಓದಿ. ಎಲ್ಲ ಪೇಸ್ಟಿನಲ್ಲೂ ಫ್ಲೋರೈಡ್ ಇರುವುದಿಲ್ಲ. ಗಿಡಮೂಲಿಕೆಯ ಹೆಸರಿನಲ್ಲಿ ಬರುವ ಅನೇಕ ಪೇಸ್ಟುಗಳಲ್ಲಿ ಇಲ್ಲ. ಸೋಡಿಯಂ ಫ್ಲೋರೈಡ್ ಅಥವಾ ಸೋಡಿಯಂ ಮಾನೊಫ್ಲೋರೊಫಾಸ್ಫೇಟ್ ಎಂಬ ಹೆಸರು ಇದೆಯೇ ನೋಡಿ. ಅದರ ಪಕ್ಕದಲ್ಲಿ ಪಿಪಿಎಂ ಎಂಬ ಅಳತೆಯಲ್ಲಿ ಒಂದು ಸಂಖ್ಯೆ ಇರುತ್ತದೆ. ನಮ್ಮ ದೇಶದ ನಿಯಮದಂತೆ ಅದು 1000 ಮೀರಬಾರದು. ಅಂದರೆ ಒಂದು ಕಿಲೋ ಪೇಸ್ಟಿನಲ್ಲಿ ಒಂದು ಗ್ರಾಂ ಫ್ಲೋರೈಡ್. ಸಾವಿರದ ಆಸುಪಾಸಿನ ಪೇಸ್ಟು ದೊಡ್ಡವರಿಗೆ ಸರಿ. ಅವಧಿ ಮುಗಿಯುವ ದಿನಾಂಕವನ್ನೂ ನೋಡಿ. ಬಹಳ ದಿನ ಇಟ್ಟ ಪೇಸ್ಟಿನಲ್ಲಿ ಹಲ್ಲಿಗೆ ದಕ್ಕುವ ಫ್ಲೋರೈಡ್ ಕಡಿಮೆಯಾಗಬಹುದು.

ಕೊನೆಯದಾಗಿ ಮಕ್ಕಳು. ದೊಡ್ಡವರಿಗೆ ಹೇಳಿದ್ದೇ ಅವರಿಗೂ. ಆದರೆ ಒಂದು ವ್ಯತ್ಯಾಸವಿದೆ. ಸಣ್ಣ ಮಕ್ಕಳಿಗೆ ಉಗುಳಲು ಬರುವುದಿಲ್ಲ. ಪೇಸ್ಟು ಸಿಹಿಯಾಗಿದ್ದರೆ ನುಂಗುತ್ತಾರೆ. ಜಾಹೀರಾತಿನಲ್ಲಿ ಬ್ರಷ್ಷಿನ ಉದ್ದಕ್ಕೂ ಹರಡಿದ ಪೇಸ್ಟು ಕಾಣುತ್ತದಲ್ಲ, ಅಷ್ಟು ಯಾರಿಗೂ ಬೇಕಾಗಿಲ್ಲ. ಅಷ್ಟು ಪೇಸ್ಟಿನಲ್ಲಿ ಸುಮಾರು ಒಂದು ಮಿಲಿಗ್ರಾಂ ಫ್ಲೋರೈಡ್ ಇರುತ್ತದೆ. ಮೂರು ವರ್ಷದೊಳಗಿನ ಮಗುವಿಗೆ ಒಂದು ಅಕ್ಕಿ ಕಾಳಿನಷ್ಟು ಸಾಕು. ಅದನ್ನು ಪೂರ್ತಿ ನುಂಗಿದರೂ ಹೋಗುವುದು ಒಂದು ಮಿಲಿಗ್ರಾಮಿನ ಹತ್ತರಲ್ಲಿ ಒಂದು ಭಾಗ. ಮೂರರಿಂದ ಆರು ವರ್ಷದವರಿಗೆ ಬಟಾಣಿ ಕಾಳಿನಷ್ಟು.

ಪೇಸ್ಟನ್ನು ಬ್ರಷ್ಷಿಗೆ ಹಾಕುವವರು ದೊಡ್ಡವರೇ ಆಗಿರಲಿ. ಟ್ಯೂಬು ಮಕ್ಕಳ ಕೈಗೆ ಎಟುಕದಿರಲಿ. ಏಳೆಂಟು ವರ್ಷದವರೆಗೆ ಜೊತೆಯಲ್ಲಿ ನಿಂತು ಉಜ್ಜಿಸಿ. "ಮುಕ್ಕಳಿಸು" ಎನ್ನುವ ಬದಲು "ಉಗುಳು, ಚೆನ್ನಾಗಿ ಉಗುಳು" ಎನ್ನಿ. ಮಗುವನ್ನು ಬಾಟಲಿಯ ಸಿಹಿ ಹಾಲಿನೊಂದಿಗೆ ಮಲಗಿಸಬೇಡಿ. ಹಾಲು ಹಲ್ಲು ಹೇಗೂ ಬೀಳುತ್ತದೆ ಎಂದು ಅಲಕ್ಷಿಸಬೇಡಿ. ಹಾಲು ಹಲ್ಲಿನ ಸೋಂಕು ಅದರ ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೂ ಹಾನಿ ಮಾಡಬಲ್ಲದು.

ಒಂದು ಎಚ್ಚರಿಕೆ. ಫ್ಲೋರೈಡ್ ಇದೆ ಎಂದು ದಿನವಿಡೀ ಸಿಹಿ ತಿನ್ನುತ್ತಿದ್ದರೆ ಅದು ಹಲ್ಲನ್ನು ಕಾಯಲಾರದು. ಪ್ರತಿ ಸಲ ಸಿಹಿ ತಿಂದಾಗಲೂ ಹಲ್ಲಿನ ಮೇಲೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಹುಳಿ ಎಂದೆನಲ್ಲ, ಅದನ್ನು ಮರೆಯಬೇಡಿ. ಸಿಹಿಯನ್ನು ಊಟದ ಜೊತೆಗೇ ತಿನ್ನಿ, ಮಧ್ಯೆ ಮಧ್ಯೆ ಬೇಡ. ಈಗಾಗಲೇ ಗುಳಿ ಬಿದ್ದಿದ್ದರೆ ಅದಕ್ಕೆ ಪೇಸ್ಟು ಮದ್ದಲ್ಲ. ದಂತವೈದ್ಯರ ಬಳಿ ಹೋಗಿ ತುಂಬಿಸಿಕೊಳ್ಳಿ.

ಕೇಳುಗರೇ, ಹಲ್ಲುನೋವು ಬಂದ ಮೇಲೆ ನಾವು ಸಾವಿರಾರು ರೂಪಾಯಿ ಖರ್ಚು ಮಾಡುತ್ತೇವೆ. ರಾತ್ರಿಯೆಲ್ಲ ನಿದ್ದೆಗೆಡುತ್ತೇವೆ. ಹಳ್ಳಿಯಿಂದ ಪಟ್ಟಣಕ್ಕೆ ಓಡುತ್ತೇವೆ. ಅದನ್ನು ತಡೆಯುವ ವಸ್ತು ನಮ್ಮ ಮನೆಯಲ್ಲೇ ಇದೆ. ಅದಕ್ಕೆ ದುಡ್ಡನ್ನೂ ಕೊಟ್ಟಾಗಿದೆ. ಅದಕ್ಕೆ ಬೇಕಾಗಿರುವುದು ಹಲ್ಲಿನ ಮೇಲೆ ನಿಲ್ಲಲು ಸ್ವಲ್ಪ ಸಮಯ.

ಇಂದು ರಾತ್ರಿಯಿಂದಲೇ ಶುರು ಮಾಡಿ. ಊಟವಾದ ಮೇಲೆ ನೀರಿನಿಂದ ಮುಕ್ಕಳಿಸಿ. ಮಲಗುವ ಮೊದಲು ಫ್ಲೋರೈಡ್ ಪೇಸ್ಟಿನಿಂದ ಎರಡು ನಿಮಿಷ ಮೃದುವಾಗಿ ಉಜ್ಜಿ. ಉಗುಳಿ, ಹಾಗೇ ಬಿಡಿ. ನಿಮ್ಮ ಮಕ್ಕಳಿಗೂ, ಮನೆಯ ಹಿರಿಯರಿಗೂ ಇದನ್ನೇ ಹೇಳಿಕೊಡಿ.